ನಾಲ್ಕನೆಯ ಸಾಲು

“ನೀರು,” ಎಂದರು ಶಕೀಲಾ ಅಕ್ಕೋರು.

ಮಾಯಾ ಅಡುಗೆಮನೆಗೆ ಓಡಿ ಲೋಟದ ತುಂಬ ನೀರು ತಂದಳು. ಅಕ್ಕೋರು ತಲೆ ಅಲ್ಲಾಡಿಸಿದರು. ಎಡಗೈಯಿಂದ ಮಾಯಾಳನ್ನೇ ತೋರಿಸಿ ಮತ್ತೆ ಅಂದರು, “ನೀರು... ನೀರು.”

“ಅವ್ರಿಗೆ ನೀರು ಬೇಕಾಗಿಲ್ಲವ್ವಾ. ನಿನ್ನ ಹೆಸರ ಹೇಳಾಕ ಹತ್ಯಾರ,” ಎಂದರು ಅಕ್ಕೋರ ಗಂಡ ಕರೀಮಸಾಬರು. “ಲಕ್ವಾ ಹೊಡದ ಮ್ಯಾಲೆ ಅದೊಂದ ಮಾತು ಉಳದೈತಿ. ಚಹಾಕ್ಕೂ ನೀರು, ನನಗೂ ನೀರು.”

ಮಾಯಾ ಅವ್ವನ ಸೆರಗು ಹಿಡಿದುಕೊಂಡಳು. ಹೊಂಬಳದಿಂದ ಬೆಟಗೇರಿಗೆ ಬರುವಾಗ ಬಸ್ಸಿನ ತುಂಬ ಅವಳದೇ ಮಾತು. ಈಗ ಅವ್ವನ ಬೆನ್ನ ಹಿಂದೆ ಸರಿದು ನಿಂತಳು.

ಹೊಂಬಳದ ಶಾಲೆಯಲ್ಲಿ ಅಕ್ಕೋರು ಹದಿನೆಂಟು ವರ್ಷ ಕನ್ನಡ ಕಲಿಸಿದ್ದರು. ಮೂರು ಕವನದ ಪುಸ್ತಕ ಬರೆದಿದ್ದರು. ಗದಗಿನ ಸಭೆಗಳಲ್ಲಿ ಮೈಕ್ ಮುಂದೆ ನಿಂತು ಓದುತ್ತಿದ್ದರು. ಆದರೆ ಹೊಸ ಕವಿತೆಯನ್ನು ಮೊದಲು ಓದುತ್ತಿದ್ದದ್ದು ಐದನೆಯ ಕ್ಲಾಸಿನಲ್ಲಿ. ಒಮ್ಮೆ ಮಾಯಾಳ ಕ್ಲಾಸಿನ ಹುಲಗಪ್ಪ ಎದ್ದುನಿಂತು, “ಇದರಾಗ ಕತೀನ ಇಲ್ಲಲ್ರೀ ಅಕ್ಕೋರ!” ಅಂದಿದ್ದ. ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕೋರೇ.

“ನಾವು ಹೇಳಿದ್ದು ತಿಳೀತೈತೇನ್ರಿ ಅವ್ರಿಗೆ?” ಅವ್ವ ಮೆಲ್ಲಗೆ ಕೇಳಿದಳು.

“ಎಲ್ಲಾ ತಿಳೀತೈತ್ರಿ. ಬಾಯಿಗೆ ಬರೂದಿಲ್ಲ, ಅಷ್ಟ.”

“ಡಾಕ್ಟರ್ ಏನಂತಾರ್ರಿ?”

ಕರೀಮಸಾಬರು ಅಕ್ಕೋರ ಕಾಲಿನ ಮೇಲೆ ಚಾದರ ಸರಿಮಾಡಿದರು.

“ಮಾಯಾ, ಬರಕೊಂಡು ಬಂದೀಯಲ್ಲ, ಓದವಾ,” ಎಂದಳು ಅವ್ವ.

ಮಾಯಾ ನೋಟ್‌ಬುಕ್ ತೆರೆದಳು. ಅದು ಅವಳು ಬರೆದ ಮೊದಲ ಕವಿತೆ. ಓದತೊಡಗಿದಳು.

“ನಿಮ್ಮ ಕುರ್ಚಿಯ ಮೇಲೆ ಬಿಸಿಲು ಕೂತಿದೆ.
ಬೋರ್ಡಿನ ಮೂಲೆಯಲ್ಲಿ ನಿಮ್ಮ ಅಕ್ಷರ ಇದೆ.
ನಾವು ಯಾರೂ ಅದನ್ನು ಒರೆಸಿಲ್ಲ.
ನಾಳೆ ನೀವು ಬರುತ್ತೀರಿ.”

ಕಣ್ಣು ಮುಚ್ಚಿ ಕೇಳುತ್ತಿದ್ದ ಅಕ್ಕೋರು ಕಣ್ಣು ತೆರೆದರು. ನೋಟ್‌ಬುಕ್ ಕೊಡು ಎಂದು ಕೈ ಚಾಚಿದರು. ಆಮೇಲೆ ಬೆರಳಿನಿಂದ ಬರೆಯುವಂತೆ ಮಾಡಿ ತೋರಿಸಿದರು. ಮಾಯಾ ಪೆನ್ಸಿಲ್ ಕೊಟ್ಟಳು.

‘ಸಹಿ ಹಾಕ್ತಾರ!’ ಅಂದುಕೊಂಡಳು.

ಎಡಗೈಯಿಂದ ಪೆನ್ಸಿಲ್ ಎರಡು ಸಲ ಜಾರಿತು. ಮೂರನೆಯ ಸಲ ಅಕ್ಕೋರು ಗಟ್ಟಿಯಾಗಿ ಹಿಡಿದರು. ನಾಲ್ಕನೆಯ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಸೊಟ್ಟ ಗೆರೆ ಎಳೆದರು.

ಮಾಯಾಳ ಮುಖ ಸಣ್ಣದಾಯಿತು. “ತಪ್ಪ ಬರದೇನೇನ್ರೀ ಅಕ್ಕೋರ?”

ಇಲ್ಲ ಎಂದು ಅಕ್ಕೋರು ತಲೆ ಅಲ್ಲಾಡಿಸಿದರು. ಉಳಿದ ಮೂರು ಸಾಲುಗಳ ಮೇಲೆ ಅಂಗೈ ಇಟ್ಟು ಒತ್ತಿದರು. ಮಾಯಾಳನ್ನೇ ನೋಡಿದರು. ಅವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

ಕರೀಮಸಾಬರು ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋಗಿ ನಿಂತರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾಯಾ ಪುಟ ತೆರೆದು ಆ ಸೊಟ್ಟ ಗೆರೆಯನ್ನೇ ನೋಡುತ್ತ ಕೂತಳು.

ಸೋಮವಾರ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ, ಅಕ್ಕೋರ ಜಾಗಕ್ಕೆ ಬಂದ ಹೊಸ ಸರ್, “ಅಕ್ಕೋರಿಗೆ ಓದಿ ತೋರಿಸಿದ ಕವಿತಾ ಎಲ್ಲಾರಿಗೂ ಓದು,” ಎಂದು ಮಾಯಾಳನ್ನು ಮುಂದೆ ಕರೆದರು.

ಅವಳು ನಿಧಾನವಾಗಿ ಮೂರು ಸಾಲು ಓದಿ ನಿಲ್ಲಿಸಿದಳು.

ಸರ್ ನೋಟ್‌ಬುಕ್ಕಿನಲ್ಲಿ ಇಣುಕಿದರು. “ಕೆಳಗ ಇನ್ನೊಂದು ಸಾಲ ಐತಲ್ಲ? ಓದು.”

ಮಾಯಾ ನೋಟ್‌ಬುಕ್ ಮುಚ್ಚಿ ಎದೆಗೆ ಹಿಡಿದುಕೊಂಡಳು.

“ಇಲ್ರೀ ಸರ್,” ಎಂದಳು. “ಇಷ್ಟೇ ಐತ್ರಿ.”