ಸ್ವಾತಿ ತೆಗೆದ ಹೆಸರು

ಬೆಳಿಗ್ಗೆ ಕಂಪ್ಯೂಟರ್ ತೆರೆದ ದತ್ತು ಪರದೆಗೆ ಮುಖ ಹತ್ತಿರ ತಂದು ಮತ್ತೊಮ್ಮೆ ನೋಡಿದ. ಅವನ ಕೆಲಸ ಪರಿಶೀಲಿಸುವವರ ಜಾಗದಲ್ಲಿ ಇಷ್ಟು ದಿನ ಇದ್ದ ಸ್ವಾತಿಯ ಹೆಸರು ಇರಲಿಲ್ಲ. ಜಹೀರಾಬಾದ್ ಶಾಖೆಯ ಧಮ್ಮಪಾಲನ ಹೆಸರಿತ್ತು. ಬದಲಾಯಿಸಿದವಳು ಸ್ವಾತಿಯೇ ಎಂದೂ ಅಲ್ಲೇ ಬರೆದಿತ್ತು.

ನಿನ್ನೆ ಸಂಜೆಯಷ್ಟೇ ನಾರಾಯಣಖೇಡ್ ಬಸ್ ಸ್ಟ್ಯಾಂಡಿನಲ್ಲಿ ಅವನು ಕೇಳಿಬಿಟ್ಟಿದ್ದ: "ಸ್ವಾತಿ, ನನ್ನ ಜೋಡಿ ಮದ್ವಿ ಆಗ್ತೀ ಏನು?" ಬಸ್ಸಿನ ಕಿಟಕಿಯಿಂದ ಅವಳು ಅವನನ್ನೇ ನೋಡಿದ್ದಳು. ತುಟಿ ಅಲುಗಿತ್ತು. ಹಾಳಾದ ಬಸ್ಸು ಅದೇ ಹೊತ್ತಿಗೆ ಹೊರಟಿತ್ತು. ಹಾಗಾದರೆ ಇದೇನಾ ಉತ್ತರ?

ಇಬ್ಬರೂ ಕುರಿ ಸಾಕುವವರ ಸಂಘದ ಡೇಟಾಬೇಸ್ ನೋಡಿಕೊಳ್ಳುವವರು. ಯಾವ ಕುರಿಗೆ ಯಾವ ಲಸಿಕೆ ಆಗಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಒಬ್ಬರು ಬರೆದ ಬದಲಾವಣೆಯನ್ನು ಇನ್ನೊಬ್ಬರು ಓದಿ ಒಪ್ಪುವ ತನಕ ಅದನ್ನು ಡೇಟಾಬೇಸಿನಲ್ಲಿ ಓಡಿಸಿ ಜಾರಿ ಮಾಡುವಂತಿಲ್ಲ. ಆ ನೆಪದಲ್ಲೇ ದತ್ತು ಅವಳ ಮಗ್ಗುಲಲ್ಲಿ ಕೂತು, ಓದುವಾಗ ಅವಳ ಹುಬ್ಬು ಗಂಟಾಗುವುದನ್ನು ಕಣ್ತುಂಬ ನೋಡುತ್ತಿದ್ದ. ನೋಡುವುದೇ ಹೆಚ್ಚು, ಕೆಲಸ ಕಡಿಮೆ.

ಫೋನ್ ಹೊಡೆದುಕೊಂಡಿತು. ಸಿರ್ಗಾಪುರದ ಲಸಿಕೆ ಶಿಬಿರದಿಂದ ಮಾಳಿಂಗಪ್ಪ, ದೊಡ್ಡ ಮಂದೆಯ ಯಜಮಾನ.

"ಸಾಹೇಬ್ರ, ನಮ್ಮ ಕುರಿಗೋಳಿಗೆಲ್ಲಾ ಸೂಜಿ ಆಗ್ಯಾದ ಅಂತ ತೋರಸ್ಲಿಕತ್ತದ ಈ ಮಷೀನು. ಒಂದಕ್ಕೂ ಆಗಿಲ್ರಿ! ಡಾಕ್ಟರ್ ಮಧ್ಯಾಹ್ನಕ್ಕ ಹೋಗ್ತೀನಂತಾರ. ಜಲ್ದಿ ಏನರ ಮಾಡ್ರಿ."

ನಿನ್ನೆ ಡೇಟಾ ಏರಿಸುವಾಗ ಇಡೀ ಸಿರ್ಗಾಪುರ ಮಂಡಲದ ಹಳ್ಳಿಗಳ ಕುರಿಗಳಿಗೆಲ್ಲ ಲಸಿಕೆ ಆದ ಗುರುತು ತಪ್ಪಾಗಿ ಬಿದ್ದಿತ್ತು. ದತ್ತು ಗಡಿಬಿಡಿಯಲ್ಲಿ ಆ ಗುರುತು ಅಳಿಸುವ ತಿದ್ದುಪಡಿ ಬರೆದ. ಅದನ್ನು ಧಮ್ಮಪಾಲನಿಗೆ ಕಳಿಸಿ ಫೋನ್ ಮಾಡಿದ; ಅವನು ಎತ್ತಲಿಲ್ಲ. ಮಾನ ಬದಿಗಿಟ್ಟು ಸ್ವಾತಿಯ ಟೇಬಲ್ಲಿಗೇ ಹೋದ.

"ಜರಾ ನೀನೇ ನೋಡಿ ಒಪ್ಪಿಗಿ ಕೊಡು."

ಅವಳು ಓದಿದಳು. ಮತ್ತೊಮ್ಮೆ ಓದಿದಳು. ತಲೆ ಎತ್ತಿ ಅವನನ್ನು ನೋಡಿದವಳ ಕಿವಿ ಕೆಂಪಾಗಿತ್ತು.

"ನಾ ಕೊಡಂಗಿಲ್ಲ. ಧಮ್ಮಪಾಲ ನೋಡೋತನಕ ತಡಿ."

"ಕುರಿ ಬಿಸಿಲಾಗ ನಿಂತಾವ, ಸ್ವಾತಿ! ನನ್ನ ಮ್ಯಾಲಿನ ಸಿಟ್ಟು ಅವುಗೋಳ ಮ್ಯಾಲ್ಯಾಕ?"

"ಸಿಟ್ಟು ಅಂತ ಯಾರು ಅಂದ್ರು?"

ಅವಳ ದನಿ ಮೆತ್ತಗಿತ್ತು. ಅವನಿಗೆ ಕೇಳುವ ವ್ಯವಧಾನ ಎಲ್ಲಿತ್ತು? ತನ್ನ ಟೇಬಲ್ಲಿಗೆ ವಾಪಸು ಹೋದ. ತಾನೇ ಓಡಿಸಿಬಿಡಲೇ ಅನ್ನಿಸಿತು. ಬೆರಳು ಕೀಲಿಮಣೆಯ ಮೇಲಿದ್ದಾಗ ಧಮ್ಮಪಾಲನ ಫೋನ್ ಬಂತು.

"ಮಂಡಲದ ಹೆಸರು ಹಾಕಿದಿ, ನಿನ್ನಿ ತಾರೀಖು ಎಲ್ಲದ ಮಾರಾಯ? ಹೋದ ವಾರ ಬ್ಯಾರೆ ಹಳ್ಳ್ಯಾಗ ಖರೇನ ಸೂಜಿ ಆದ ಕುರಿಗೂ ಮತ್ತ ಚುಚ್ಚಸ್ತಿ ಏನು?"

ದತ್ತು ಕೀಲಿಮಣೆಯಿಂದ ಕೈ ತೆಗೆದ. ನಿನ್ನೆಯ ಗುರುತಷ್ಟೇ ಅಳಿಯುವಂತೆ ತಾರೀಖು ಸೇರಿಸಿದ. ಬ್ಯಾಕಪ್ ತೆಗೆದ, ನಕಲು ಪ್ರತಿಯ ಮೇಲೆ ಓಡಿಸಿ ನೋಡಿದ. ಧಮ್ಮಪಾಲ ಒಪ್ಪಿದ ಮೇಲೆ ಅಸಲಿ ಡೇಟಾಬೇಸಿನ ಮೇಲೆ ಓಡಿಸಿದ. ಡಾಕ್ಟರ್ ಹೊರಡುವ ಮೊದಲೇ ಮಾಳಿಂಗಪ್ಪ ಫೋನಿನಲ್ಲಿ ಕೂಗಿದ: "ಆತ್ರಿ, ಈಗ ಬರೋಬ್ಬರಿ ಆತು!"

ಸ್ವಾತಿ ಹೊರಗೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು.

"ತಪ್ಪು ಕಂಡಿತ್ತಲ್ಲ ನಿನಗ? ಅದಕ್ಕ ಒಪ್ಪಲಿಲ್ಲ," ಎಂದ ದತ್ತು.

"ಇಲ್ಲ." ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ಎರಡು ಸಲ ಓದಿದ್ರೂ ಕಾಣ್ಲಿಲ್ಲ. ನೀ ಬರ್ದಿದ್ದು ಅಂದ್ರ ಎಲ್ಲಾ ಚಂದನೇ ಕಾಣ್ತದ ನನಗ. ಏನ್ ಮಾಡ್ಲಿ?"

ಅವನು ಒಂದು ಮೆಟ್ಟಿಲು ಇಳಿದು ಕೇಳಿದ: "ಮತ್ತ ಬೆಳಿಗ್ಗೇನೇ ಹೆಸರು ಯಾಕ ತೆಗದಿ?"

"ಸಂಘದ ನಿಯಮ ಮರ್ತಿ ಏನು? ಗಂಡನ ಕೆಲಸ ಹೆಂಡ್ತಿ ಪಾಸ್ ಮಾಡಂಗಿಲ್ಲ." ಓರೆಗಣ್ಣಿನಲ್ಲಿ ಅವನನ್ನು ನೋಡಿದಳು. "ಬಂದ ಕೂಡ್ಲೇ ಉತ್ತರ ಕೊಟ್ಟೀನಿ. ನಿನಗೇ ಓದಾಕ ಬರ್ಲಿಲ್ಲ."

ದತ್ತು ಅಲ್ಲೇ ಮೆಟ್ಟಿಲ ಮೇಲೆ ಕೂತ. ಅವಳು ಜಾಗ ಮಾಡಿಕೊಡಲು ಪಕ್ಕಕ್ಕೆ ಸರಿದಳು. ಬಹಳ ಸರಿಯಲಿಲ್ಲ.