ಹಡಗು ಹತ್ತದವನು

"ನಕ್ಷತ್ರದಾಗ ಸಿಕ್ಕಿಬಿದ್ದವ ಎಂಥಾ ಅಂಗಿ ತೊಟ್ಟಿರ್ತಾನ್ರಿ?"

ಹೊಲಿಗೆ ಮಶೀನಿನ ಗಾಲಿ ಗಕ್ಕನೆ ನಿಂತಿತು. ಗುರುಶಾಂತವ್ವ ತಲೆ ಎತ್ತಿದಳು. ಅಂಗಡಿ ಬಾಗಿಲಲ್ಲಿ ಹೆಗಲ ಮೇಲೆ ಬೆಳ್ಳಿ ಬಣ್ಣದ ಬಟ್ಟೆ ಹೊತ್ತು ಒಬ್ಬ ನಿಂತಿದ್ದ. ಆ ಕಣ್ಣು... ಕೇಳಿದ ಮಾತಿಗೂ ನೋಡುವ ನೋಟಕ್ಕೂ ಸಂಬಂಧವೇ ಇರಲಿಲ್ಲ!

"ಸಿಕ್ಕಿಬಿದ್ದವ ಅಂದಮ್ಯಾಲ ಹರಿದದ್ದ ತೊಟ್ಟಿರ್ತಾನ. ಹೊಸಾದು ಯಾರು ಹೊಲಿದು ಕೊಡ್ತಾರ ಅಲ್ಲಿ?" ಅಂದುಬಿಟ್ಟಳು.

ಅವನು ಗಹಗಹಿಸಿ ನಕ್ಕ.

ಅವನೇ ಅಂದಾನಪ್ಪ. 1962ರ ಬೇಸಿಗೆಯಲ್ಲಿ ಶಿರಸಿಗೆ ಬಂದು ಡೇರೆ ಹಾಕಿದ್ದ ನಾಟಕ ಕಂಪನಿಯ ನಟ, ನಾಟಕ ಬರೆಯುವ ಕವಿ ಎರಡೂ ಅವನೇ. ಆಕಾಶದ ಹಡಗೊಂದು ದಾರಿ ತಪ್ಪಿ ನಕ್ಷತ್ರದ ಮೇಲೆ ಬೀಳುತ್ತದೆ. ಅದರೊಳಗಿನವರು ಮನೆ ಸೇರಲು ಒದ್ದಾಡುತ್ತಾರೆ. ಈ ಕಥೆಯನ್ನು ದಿನಕ್ಕೊಂದು ಕಂತಿನಂತೆ ಆಡುವ ಹುಚ್ಚು ಅವನಿಗೆ!

ಊರ ಜನ ಬಂದರು, ನೋಡಿದರು, ಆಕಳಿಸಿದರು. ದೇವರಿಲ್ಲ, ರಾಕ್ಷಸನಿಲ್ಲ, ಸೀರೆ ಸೆಳೆಯುವವನೂ ಇಲ್ಲ... ಇದೆಂಥ ನಾಟಕ? ಮೂರನೇ ಕಂತಿನ ಹೊತ್ತಿಗೆ ಮುಂದಿನ ಚಾಪೆಯ ಮೇಲೆ ನಾಯಿ ಮಲಗಿತ್ತು. ಅಂಥ ಚಂದದ ನಾಟಕವನ್ನು ಕಾಲಕಸ ಮಾಡಿದವರಿಗೆ ಏನನ್ನೋಣ ಹೇಳಿ!

ಗುರುಶಾಂತವ್ವ ಮಾತ್ರ ಒಂದು ಕಂತನ್ನೂ ಬಿಡಲಿಲ್ಲ. ಪೋಷಾಕು ಹೊಲಿದವಳೆಂಬ ನೆಪ ಇತ್ತಲ್ಲ. ಅವನಿಗೂ ನೆಪಕ್ಕೆ ಬರವಿರಲಿಲ್ಲ. ಅಂಗಿ ಹರಿದಿದೆ ಎಂದು ಬರುತ್ತಿದ್ದ. ಹರಿಯದಿದ್ದರೆ ತಾನೇ ಹರಿದುಕೊಂಡು ಬರುತ್ತಿದ್ದ.

ಅಣ್ಣ ಮಡಿವಾಳಪ್ಪನಿಗೆ ವಾಸನೆ ಹತ್ತದೇ ಇದ್ದೀತೆ? ಅಂಗಡಿ ಅವನದು, ತಂಗಿಯೂ ಅವನದೇ ಸೊತ್ತು ಎಂದುಕೊಂಡಿದ್ದ.

"ಮಾರಿಗೆ ಬಣ್ಣ ಬಳಕೊಳ್ಳಾವಗ ನಮ್ಮ ಮನಿ ಹುಡುಗಿ ಬೇಕೇನು? ಯಲ್ಲಾಪುರದಾಗ ಗಂಡು ನೋಡೇನಿ. ಹೂಂ ಅನ್ನು, ಮುಗೀತು!"

ಅವಳು ಹೂಂ ಅನ್ನಲಿಲ್ಲ. ಹಿತ್ತಲ ಬಾಗಿಲಲ್ಲಿ ಅಂದಾನಪ್ಪ ಅವಸರದಲ್ಲಿ ಹೇಳಿದ್ದ ಮಾತು ಅವಳ ಎದೆಯಲ್ಲಿತ್ತು.

"ಕಡೀ ಕಂತಿನ ತನಕ ನಾ ಮಾಲಕರ ಆಳು. ಬಿಡ್ತಾರೋ ಇಲ್ಲೋ, ಅವತ್ತ ತಿಳೀತೈತಿ. ನಿಮ್ಮಣ್ಣ ನಮ್ಮನ್ನ ಮಾತಾಡಾಕ ಬಿಡಂಗಿಲ್ಲ. ಅದಕ್ಕ ನಾಟಕದಾಗ ಹೇಳ್ತೀನಿ. ಒಬ್ಬ ಕೆಳಗ ಉಳಿದ್ರಷ್ಟ ಆ ಹಡಗು ಮ್ಯಾಲ ಏಳತೈತಿ. ನಾ ಹತ್ತದ ನಿಂತ್ರ, ನಿನ್ನ ಸಲುವಾಗಿ ಶಿರಸ್ಯಾಗ ನಿಂತೆ ಅಂತ ತಿಳಕೋ."

"ಹತ್ತಿದ್ರ...?"

ಒಳಗೆ ಅಣ್ಣ ಕೆಮ್ಮಿದ್ದು ಕೇಳಿತು. ಅವನು ಬೇಲಿ ದಾಟಿ ಹೊರಟುಹೋದ.

ಕಡೆಯ ಆಟ ಎಂದು ಆ ದಿನ ಡೇರೆ ತುಂಬಿತ್ತು. ತಗಡಿನ ಹಡಗಿಗೆ ಹಗ್ಗ ಕಟ್ಟಿದ್ದರು, ಮತಾಪು ಹಚ್ಚಿದ್ದರು. ಎಲ್ಲರೂ ಹತ್ತಿದರು. ಅಂದಾನಪ್ಪ ಹತ್ತಲಿಲ್ಲ. ಕೈಬೀಸುತ್ತ ಕೆಳಗೇ ನಿಂತ.

ಗುರುಶಾಂತವ್ವನ ಕಣ್ಣು ತುಂಬಿ ಬಂತು. *ನಿಂತ... ನನ್ನ ಸಲುವಾಗಿ ನಿಂತ!*

ಆಗಲೇ ಹಿಂದಿನಿಂದ ಯಾರೋ ಒಬ್ಬ ಕೂಗಿದ. "ಪಾಪ, ಅವನ್ನೂ ಹತ್ತಿಸ್ಕಳ್ರೋ ಮಾರಾಯ್ರೇ!"

ಇಡೀ ಡೇರೆ ಅದನ್ನೇ ಹಿಡಿಯಿತು. "ಹತ್ತಿಸ್ಕಳ್ರೋ!"

ಕಂಪನಿಗೆ ಪ್ರೇಕ್ಷಕರ ಮಾತೇ ದೇವರ ಮಾತು. ಪರದೆಯ ಮರೆಯಿಂದ ಮಾಲಕರು ಕೈಸನ್ನೆ ಮಾಡಿದರು. ಅಂದಾನಪ್ಪ ತಡವರಿಸಿದ... ಹತ್ತಿದ.

ಹಡಗು ಮೇಲೆದ್ದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳು ಎದ್ದು ಹೊರಬಿದ್ದಳು. ಬೆನ್ನ ಹಿಂದೆ ಚಪ್ಪಾಳೆ, ಸಿಳ್ಳೆ, "ಒನ್ಸ್ ಮೋರ್! ಒನ್ಸ್ ಮೋರ್!" ಎಂಬ ಗದ್ದಲ. ಅವಳು ತಿರುಗಿ ನೋಡಲಿಲ್ಲ. ಮನೆಗೆ ಹೋದವಳೇ ಅಣ್ಣನ ಮುಂದೆ ನಿಂತು "ಹೂಂ" ಅಂದಳು. ಮಾರನೇ ದಿನ ಬೆಳಗಿನ ಬಸ್ಸಿಗೇ ಯಲ್ಲಾಪುರದ ಸೋದರತ್ತೆಯ ಮನೆ, ಅಲ್ಲೇ ಮದುವೆ.

ಗಂಡ ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಜ್ವರದಲ್ಲಿ ಹೋದ. ಕಾಲ್ಗುಣ ಸರಿಯಿಲ್ಲವೆಂದು ಅತ್ತೆಮನೆಯವರು ಇವಳನ್ನು ಹೊರಗೆ ಹಾಕಿದರು. ಅಷ್ಟು ವರ್ಷ ಒಮ್ಮೆಯೂ ಅವಳು ತವರಿಗೆ ಬಂದಿರಲಿಲ್ಲ. ಆ ಡೇರೆಯ ಬಯಲು ಕಣ್ಣಿಗೆ ಬೀಳಬಾರದು ಎಂಬ ಹಟ!

1969ರ ಆಷಾಢದಲ್ಲಿ, ಮದುವೆಯಲ್ಲಿ ಬಳುವಳಿಯಾಗಿ ಬಂದ ಹೊಲಿಗೆ ಮಶೀನನ್ನು ಬಸ್ಸಿನ ಮೇಲೆ ಹೇರಿಕೊಂಡು ಶಿರಸಿಯಲ್ಲಿ ಇಳಿದಳು. ಚಹಾದಂಗಡಿಯ ರೇಡಿಯೋ ಮುಂದೆ ಜನ ಮುತ್ತಿದ್ದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟನಂತೆ! ಒಬ್ಬ ಮಾತ್ರ ಅತ್ತ ಕಿವಿಗೊಡದೆ ಏಣಿಯ ಮೇಲೆ ನಿಂತು ಅಂಗಡಿಯ ಬೋರ್ಡು ಬರೆಯುತ್ತಿದ್ದ.

ಅವನು ತಿರುಗಿದ. ಕೈಯಿಂದ ಕುಂಚ ಜಾರಿತು.

"ನೀವು... ಕಂಪನಿ ಕೂಡ ಹೋಗಿದ್ರಲ್ಲ?" ಅಂದಳು.

"ಎಲ್ಲಿಗೆ? ನಾ ಇಲ್ಲೇ ನಿಂತೆ, ಗುರುಶಾಂತವ್ವ. ನೀ ನೋಡೀಯಲ್ಲ!"

"ಹಡಗು ಹತ್ತಿದ್ದು ನೋಡೇನಿ!"

"ಒನ್ಸ್ ಮೋರ್ ಅಂದ್ರು. ಮತ್ತ ಆಡಿದಿವಿ. ಎರಡನೇ ಸಲ ಮಾಲಕರು ಕೈಸನ್ನಿ ಮಾಡಿದ್ರು, ಜನ ಬೈದ್ರು, ಚಪ್ಪಲಿ ಒಗದ್ರು... ನಾ ಹತ್ತಲಿಲ್ಲ." ಅವನು ಏಣಿ ಇಳಿದು ಬಂದ. "ಮುಂಜಾನೆ ಅಂಗಡಿಗೆ ಬಂದೆ. 'ತನ್ನ ಬಾಯಿಂದನ ಹೂಂ ಅಂದು ಹೋಗ್ಯಾಳ' ಅಂದ ನಿಮ್ಮಣ್ಣ. ನಾ ನಿಂತದ್ದು ನೋಡಿನೂ ಹೋದಿ ಅಂತ ತಿಳಕೊಂಡೆ."

ಗುರುಶಾಂತವ್ವ ಅಲ್ಲೇ ಕುಸಿದು ಕೂತಳು. ಸತ್ತ ರಾಜ ಕೂಡ ಒನ್ಸ್ ಮೋರ್ ಅಂದರೆ ಎದ್ದು ಬಂದು ಮತ್ತೆ ಸಾಯುತ್ತಾನೆ, ಇದು ಗೊತ್ತಿಲ್ಲದವಳೇನು ಅವಳು? ಒಂದು ಗಳಿಗೆ... ಒಂದೇ ಗಳಿಗೆ ಕೂತಿದ್ದರೆ! ಇವನು ಇಲ್ಲೇ ಇರುವುದು ಅಣ್ಣನಿಗೆ ಗೊತ್ತಿತ್ತು. ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ ಪಾಪಿ!

ತಾಳಿಯಿಲ್ಲದ ಅವಳ ಕೊರಳು ನೋಡಿ ಅವನೇ ಮೆಲ್ಲಗೆ ಹೇಳಿದ. "ಗಂಡ ಸತ್ತಾಕಿಗೆ ನಮ್ಮ ಮಂದ್ಯಾಗ ಉಡಕಿ ಮದುವಿ ಐತಿ. ಆದ್ರ... ಊರು ನಗತೈತಿ."

"ನಗಲಿ. ಒಮ್ಮೆ ಈ ಊರಿನ ಕೂಗು ಕೇಳಿ ಕೆಟ್ಟೇವಿ, ಸಾಕು."

ಕಣ್ಣೊರೆಸಿಕೊಂಡು ಅವನ ಹೆಗಲು ಮುಟ್ಟಿದಳು. "ಅಂಗಿ ಹರಿದೈತಿ."

"ಸಿಕ್ಕಿಬಿದ್ದವ ನಾ. ಹೊಸಾದು ಯಾರು ಹೊಲಿದು ಕೊಡ್ತಾರ ಇಲ್ಲಿ?"

ಅವಳು ಬಿಕ್ಕಿದಳು, ನಕ್ಕಳು.

"ಮಶೀನು ಬಸ್ಸಿನ ಮ್ಯಾಲ ಐತಿ. ಇಳಸ್ರಿ."