ಊಟ ಆಯ್ತಾ, ಅಸ್ಗರ್ ಸಾರ್?

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ಊಟವಿಲ್ಲ!

ಗಾದೆ ತಿರುಗುಮುರುಗಾಗಿದೆ ಎಂದು ಮೂಗು ಮುರಿಯಬೇಡಿ. ಶಿಡ್ಲಘಟ್ಟದ ಪಕ್ಕದ ಹಳ್ಳಿಯ ಒಂದು ರೇಷ್ಮೆ ಹುಳದ ಮನೆಯಲ್ಲಿ ಅದು ಹೀಗೆಯೇ ನಡೆಯಿತು. ನಿಜವಾದ ಕತೆ, ಒಂದೆಳೆಯೂ ಸುಳ್ಳಿಲ್ಲ. ರೇಷ್ಮೆ ಎಳೆಯ ಮೇಲಾಣೆ.

"ಹ್ಯಾ...ವ್ ಯೂ ಈಟನ್? ಹೇಳಪ್ಪಾ ಹೇಳು, ಹ್ಯಾ...ವ್ ಯೂ ಈಟನ್?"

ಬಾಗಿಲ ಹಿಂದಿನಿಂದ ಇಂಗ್ಲಿಷ್ ಮೇಷ್ಟ್ರು ಅಸ್ಗರ್ ಸಾರ್ ದನಿ ಕೇಳಿದ್ದೇ ತಡ, ತಾತ ವೆಂಕಟರವಣಪ್ಪ ತಲೆಗೆ ಸುತ್ತಿದ್ದ ಟವೆಲ್ಲನ್ನು ಹೆಗಲಿಗಿಳಿಸಿ ದಡಬಡ ಎದ್ದು ನಿಂತರು.

"ಬನ್ನಿ ಮೇಷ್ಟ್ರೇ, ಬನ್ನಿ. ಹುಳ ಹಣ್ಣಾಗವೆ, ಅದಕ್ಕೇ ಮಗೀನ ಸ್ಕೂಲಿಗೆ ಕಳಿಸಕ್ಕಾಗಲಿಲ್ಲ..."

ಬಾಗಿಲ ಹಿಂದಿನಿಂದ ಹೊರಬಂದದ್ದು ಮೇಷ್ಟ್ರಲ್ಲ, ಮೊಮ್ಮಗಳು ಪದ್ಮಶ್ರೀ. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿದ್ದಳು.

"ಥೂ ನಿನ್ನ! ಬೆಳಿಗ್ಗೆಯಿಂದ ಇದು ಮೂರನೇ ಸಲ ಕಣೇ, ನಾನು ಎದ್ದು ನಿಲ್ತಾ ಇರೋದು!" ತಾತ ಸೊಂಟ ಹಿಡಿದುಕೊಂಡು ಮತ್ತೆ ಕುಳಿತರು. "ಇನ್ನೊಂದು ಸಲ ಹ್ಯಾವ್ ಅಂದ್ರೆ ನಿನ್ನ ಮೇಲೆ ಹಾವು ಬಿಡ್ತೀನಿ, ನೋಡ್ತಿರು."

ಆರನೇ ಕ್ಲಾಸಿನ ಪದ್ಮಶ್ರೀಯ ಗಂಟಲಲ್ಲಿ ಇಡೀ ಊರೇ ವಾಸವಾಗಿತ್ತು. ಚಿಂತಾಮಣಿ ಬಸ್ಸಿನ ಕಂಡಕ್ಟರ್, ಹೆಡ್ಮಿಸ್ಸು, ಪಕ್ಕದ ಮನೆಯ ಮಿಕ್ಸಿ, ಯಾವ ದನಿ ಬೇಕಾದರೂ ಸರಿ. ಅದರಲ್ಲೂ ಅಸ್ಗರ್ ಸಾರ್ ದನಿಗೆ ಕ್ಲಾಸಿನಲ್ಲಿ ಭಾರೀ ಡಿಮ್ಯಾಂಡು. ಈ ವಿಷಯ ಇಡೀ ಸ್ಕೂಲಿಗೆ ಗೊತ್ತಿತ್ತು, ಅಸ್ಗರ್ ಸಾರ್ ಒಬ್ಬರನ್ನು ಬಿಟ್ಟು.

ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಬರುವ ಅಸ್ಗರ್ ಸಾರ್‌ಗಿಂತ ಮೊದಲು ಅವರ ಅತ್ತರಿನ ವಾಸನೆ ಕ್ಲಾಸಿಗೆ ಬರುತ್ತಿತ್ತು. ಪಾಠಕ್ಕೂ ಅವರಿಗೆ ಅತ್ತರೇ ಬೇಕು.

"ನೋಡಪ್ಪಾ, ಅತ್ತರ್ ಹಚ್ಕೊಂಡಿದ್ದು ಬೆಳಿಗ್ಗೆ ಏಳು ಗಂಟೆಗೆ. ಹಚ್ಚೋ ಕೆಲಸ ಮುಗೀತು. ವಾಸನೆ ಮುಗೀತಾ? ಇಲ್ಲ, ಈಗಲೂ ಇದೆ. ಕೆಲಸ ಆಗಿದೆ, ಅದರ ಘಮ ಇನ್ನೂ ಇದೆ ಅಂದ್ರೆ ಹ್ಯಾ...ವ್ ಹಾಕು, ಹ್ಯಾಸ್ ಹಾಕು!"

ಆಮೇಲೆ ಹೋಂವರ್ಕ್ ಕೊಟ್ಟಿದ್ದರು. ಮನೆಯಲ್ಲಿ ನಿಜವಾಗಿ ಆಗಿರುವುದನ್ನೇ ನೋಡಿ ಹ್ಯಾವ್-ಹ್ಯಾಸ್ ಹಾಕಿ ಹತ್ತು ವಾಕ್ಯ ಬರೆಯಬೇಕು. ಗೈಡ್ ನೋಡಿ ಬರೆದರೆ, ಸುಳ್ಳು ಬರೆದರೆ ಲೆಕ್ಕಕ್ಕಿಲ್ಲ.

"ಹತ್ತು ವಾಕ್ಯ ತಂದವರಿಗೆ ಮಾತ್ರ ಸ್ಕೂಲ್ ಡೇನಲ್ಲಿ ಐಟಂ. ಪದ್ಮಶ್ರೀ, ನಿನ್ನ ಮಿಮಿಕ್ರಿಗೂ ಅದೇ ರೂಲು ಕಣಮ್ಮ."

ಐಟಂ ಲಿಸ್ಟು ಇವತ್ತು ಎರಡು ಗಂಟೆಗೆ ಹೆಡ್ಮಿಸ್ಸಿನ ಕೈ ಸೇರಬೇಕಿತ್ತು. ಪದ್ಮಶ್ರೀ ಎರಡು ದಿನದಿಂದ ಸ್ಕೂಲಿಗೆ ಹೋಗಿರಲಿಲ್ಲ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಮೈ ಹಳದಿಯಾಗಿ, ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಆಡಿಸತೊಡಗಿತೆಂದರೆ ಮನೆಮಂದಿಯೆಲ್ಲ ಕೂತು ಆರಿಸಬೇಕು. ಚಂದ್ರಂಕಿ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಟ್ಟರೆ ಅಲ್ಲಿ ಚೆಂದದ ಗೂಡು ಕಟ್ಟುತ್ತದೆ. ತಡಮಾಡಿದರೆ ಸೊಪ್ಪಿನ ಕಸದಲ್ಲೇ ಕಟ್ಟಿಬಿಡುತ್ತದೆ.

ಆರಿಸುತ್ತಲೇ ಅವಳು ನೋಟ್‌ಬುಕ್ಕಿನಲ್ಲಿ ವಾಕ್ಯ ಸೇರಿಸುತ್ತಿದ್ದಳು. 'ದಿ ವರ್ಮ್ಸ್ ಹ್ಯಾವ್ ರೈಪನ್ಡ್' ಅಂದರೆ ಹುಳ ಹಣ್ಣಾಗಿವೆ. 'ತಾತ ಹ್ಯಾಸ್ ನಾಟ್ ಸ್ಲೆಪ್ಟ್' ಅಂದರೆ ತಾತ ನಿದ್ದೆ ಮಾಡಿಲ್ಲ.

ಒಂಬತ್ತನೆಯದು ಪಕ್ಕದ ಮನೆಯ ಬಯ್ಯಪ್ಪನದು. ಬೆಳಿಗ್ಗೆ ಹುಳ ಆರಿಸಲು ಬಂದವನನ್ನು ಅಜ್ಜಿ ರಾಮಲಕ್ಷ್ಮಮ್ಮ "ಊಟ ಆಯ್ತೇನಪ್ಪಾ?" ಎಂದು ಕೇಳಿದ್ದರು. ಬಯ್ಯಪ್ಪ ಗೋಡೆ ನೋಡಿಕೊಂಡು "ಆಯ್ತಮ್ಮ, ಆಯ್ತು" ಅಂದ. ಅಜ್ಜಿ ಬಿಡದೆ ತಟ್ಟೆ ಹಾಕಿದರು. 'ಬಯ್ಯಪ್ಪ ಹ್ಯಾಸ್ ಈಟನ್ ತ್ರೀ ಮುದ್ದೆ.'

ಹತ್ತನೆಯದು ಮಾತ್ರ ಹೊಳೆಯುತ್ತಲೇ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಯೂ ಆಗಿಹೋಯಿತು.

"ಪದ್ದೂ, ಹಿತ್ತಲಿಂದ ಇನ್ನೊಂದು ಚಂದ್ರಂಕಿ ಎತ್ಕೊಂಬಾರೇ" ಎಂದರು ತಾತ. ಅವಳು ಹೋದಳು.

ಅವಳು ಅತ್ತ ಹೋದಳು. ಇತ್ತ ಬಾಗಿಲಲ್ಲಿ ದನಿ ಬಂತು.

"ಹ್ಯಾ...ವ್ ದಿ ವರ್ಮ್ಸ್ ರೈಪನ್ಡ್?"

ತಾತ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಬೊಗಸೆ ತುಂಬ ಹುಳ. ಈ ಸಲ ಅವರು ಏಳಲಿಲ್ಲ, ತಿರುಗಲೂ ಇಲ್ಲ.

"ಬಂದ್ಯಾ ಕತ್ತೆ? ಹೇಳಿದ್ದು ಒಂದು, ಮಾಡೋದು ಒಂದು! ನಾಚಿಕೆ ಆಗಲ್ವೇನೇ? ಕಾಲು ತೊಳ್ಕೊಂಡು ಒಳಗೆ ಬಂದು ಹುಳ ಆರಿಸು, ಸುಮ್ನೆ!"

ಬಾಗಿಲಲ್ಲಿ ಚಪ್ಪಲಿ ಕಳಚಿತು. ಆಮೇಲೆ ಕಾಲು ಅದ್ದಲು ಇಟ್ಟ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಪಚಪಚ ಸದ್ದು. ಯಾರೋ ಬಂದು ತಾತನ ಹಿಂದೆ ಕುಕ್ಕರಗಾಲಲ್ಲಿ ಕುಳಿತರು.

"ಹಳದಿ ಹುಳ ಮಾತ್ರ ತಗೋ. ಹಿಚುಕಬೇಡ. ಹೂವ ಹಿಡ್ಕೊಂಡಂಗೆ ಹಿಡ್ಕೋ. ಮೂರು ಹೊತ್ತು ಆ ಮೇಷ್ಟ್ರ ಹಂಗೆ ಕೂಗೋದು ಒಂದು ಕಲಿತ್ಕೊಂಡವಳೆ!"

ಚಂದ್ರಂಕಿ ಹೊತ್ತು ಬಂದ ಪದ್ಮಶ್ರೀ ಹಿತ್ತಲ ಬಾಗಿಲಲ್ಲೇ ಕಲ್ಲಾದಳು. ತಾತನ ಹಿಂದೆ ಪ್ಯಾಂಟು ಮಡಚಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಹುಳ ಆರಿಸುತ್ತಿದ್ದವರು ಸಾಕ್ಷಾತ್ ಅಸ್ಗರ್ ಸಾರ್! ಜೇಬಿನಿಂದ ಐಟಂ ಲಿಸ್ಟು ಇಣುಕುತ್ತಿತ್ತು. ಮೈಯಲ್ಲಿ ಅತ್ತರಿನ ವಾಸನೆ ಮಾತ್ರ ಒಂದಿಷ್ಟೂ ಇರಲಿಲ್ಲ.

ಸಾರ್ ಅವಳನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಏನೇ, ಮಾತೇ ಇಲ್ಲ?" ಎಂದರು ತಾತ.

ಸಾರ್ ಗಂಟಲು ಸಣ್ಣ ಮಾಡಿ, "ಆರಿಸ್ತಿದೀನಿ ತಾತಾ" ಎಂದರು. ಒಡಕು ಪೀಪಿ ಊದಿದಂತಿತ್ತು.

"ಗಂಟಲಿಗೇನಾಯ್ತೇ?" ಎಂದು ತಾತ ತಿರುಗಿದರು. ತಿರುಗಿದವರು ಹಾಗೇ ಉಳಿದರು. "ಅಯ್ಯಯ್ಯೋ! ಮೇಷ್ಟ್ರೇ! ನಿಮ್ಮನ್ನ... ಕತ್ತೆ ಅಂದೆ..."

"ಪರವಾಗಿಲ್ಲ ಯಜಮಾನ್ರೇ, ಹೂವ ಹಿಡ್ಕೊಂಡಂಗೇ ಹಿಡ್ಕೊಂಡಿದೀನಿ, ನೋಡಿ. ನಮ್ಮಪ್ಪ ನೂಲು ತೆಗೀತಿದ್ರು. ಹುಳಕ್ಕೆ ವಾಸನೆ ಆಗಲ್ಲ ಅಂತ ಗೊತ್ತು. ಇಲ್ಲಿಗೆ ಬರಬೇಕು ಅಂತಾನೇ ಇವತ್ತು ಅತ್ತರ್ ಹಚ್ಚಿಲ್ಲ." ಸಾರ್ ಕನ್ನಡಕ ಮೇಲೇರಿಸಿ ಪದ್ಮಶ್ರೀಯತ್ತ ತಿರುಗಿದರು. "ಅಂದ್ರೆ ಈ ಮನೇಲಿ ದಿನಾ ನನ್ನ ದನಿ ಕೇಳ್ಸುತ್ತೆ. ನಾನು ಬರದೇನೇ!"

ಪದ್ಮಶ್ರೀ ಚಂದ್ರಂಕಿಯ ಹಿಂದೆ ಮುಖ ಮರೆಸಿಕೊಂಡಳು.

"ಹತ್ತು ವಾಕ್ಯ ಎಲ್ಲಿ?"

"ಒಂಬತ್ತು ಆಗವೆ ಸಾರ್."

ಸಾರ್ ಜೇಬಿನಿಂದ ಲಿಸ್ಟು ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿದರು. "ಒಂಬತ್ತಕ್ಕೆ ಐಟಂ ಇಲ್ಲ ಕಣಮ್ಮ. ನಿನಗೊಂದು ರೂಲು, ಬೇರೆಯವರಿಗೊಂದು ರೂಲು ಅಂತ ಮಾಡಕ್ಕಾಗುತ್ತಾ?"

ಅವಳ ಕಣ್ಣು ಪೆನ್ನಿನ ತುದಿಯಲ್ಲೇ ನಿಂತಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿ ಸೆರಗಿಗೆ ಕೈ ಒರೆಸುತ್ತಾ ಬಂದರು.

"ಮೇಷ್ಟ್ರು ಬಂದವ್ರೆ! ಊಟ ಆಯ್ತಾ ಮೇಷ್ಟ್ರೇ?"

ಸಾರ್ ಗೋಡೆಯ ಕಡೆ ನೋಡಿದರು. "ಆಯ್ತಮ್ಮ, ಆಯ್ತು."

ಪದ್ಮಶ್ರೀಯ ಕಿವಿ ಚುರುಕಾಯಿತು. ಇದು ಅಸ್ಗರ್ ಸಾರ್ ದನಿಯಲ್ಲ! ಅವರ ದನಿ ಅವಳಿಗೆ ಗೊತ್ತಿಲ್ಲವೇ? ಇದು ಬೆಳಿಗ್ಗೆ ಬಯ್ಯಪ್ಪ ಮಾತಾಡಿದ ದನಿ. ನೆಂಟರ ಮನೆಯಲ್ಲಿ ತಾತ ಮಾತಾಡುವ ದನಿ. ಹೋದ ವಾರ ಗೆಳತಿ ಸಾಬ್ರೀನ್ ಮನೆಯಲ್ಲಿ, ಒಲೆಯ ಮೇಲಿನ ಬಿರಿಯಾನಿಯ ಘಮ ಮೂಗಿಗೆ ಬಡಿಯುತ್ತಿದ್ದಾಗ, ತಾನೇ ಮಾತಾಡಿದ ದನಿ. ಎಲ್ಲರ ಗಂಟಲೂ ಬೇರೆ ಬೇರೆ, ಈ 'ಆಯ್ತು' ಮಾತ್ರ ಎಲ್ಲರದೂ ಒಂದೇ. ಇನ್ನೊಬ್ಬರ ಮನೆಯವರಿಗೆ ತೊಂದರೆಯಾಗಬಾರದು ಎಂದಾಗ ಬರುವ ದನಿ ಅದು.

ಊಟದ ಬೆಲ್ ಹೊಡೆಯುವುದೇ ಒಂದು ಗಂಟೆಗೆ. ಸ್ಕೂಲಿನಿಂದ ಇಲ್ಲಿಗೆ ಕಾಲು ಗಂಟೆಯ ನಡಿಗೆ. ಗೋಡೆಯ ಗಡಿಯಾರದಲ್ಲಿ ಈಗ ಒಂದೂವರೆ. ಬಂದಾಗಿನಿಂದ ಸಾರ್ ಹುಳ ಆರಿಸುತ್ತಿದ್ದಾರೆ. ತಿಂದದ್ದು ಯಾವಾಗ?

ಅವಳು ಗಬಕ್ಕನೆ ನೋಟ್‌ಬುಕ್ ಎತ್ತಿಕೊಂಡು ಬರೆದು ಸಾರ್ ಮುಂದೆ ಹಿಡಿದಳು.

ಸಾರ್ ಗಟ್ಟಿಯಾಗಿ ಓದಿದರು. "ಅಸ್ಗರ್ ಸಾರ್ ಹ್ಯಾಸ್... ನಾಟ್... ಈಟನ್." ಓದಿ ಹುಬ್ಬು ಗಂಟಿಕ್ಕಿದರು. "ನಿಜವಾದದ್ದು ಬರೀ ಅಂದಿದ್ದೆ. ಇದು ನಿಜ ಅಂತ ಏನು ಸಾಕ್ಷಿ?"

ಪದ್ಮಶ್ರೀ ಉತ್ತರ ಕೊಡುವ ಮೊದಲೇ ಸಾರ್ ಹೊಟ್ಟೆಯೇ 'ಗುರ್‌ರ್‌' ಎಂದಿತು. ಹುಳಗಳು ಕೂಡ ಗೂಡು ಕಟ್ಟುವುದನ್ನು ಬಿಟ್ಟು ತಿರುಗಿ ನೋಡಿರಬೇಕು, ಅಷ್ಟು ಜೋರು!

"ಸಾಕ್ಷಿ ಬಂತಲ್ಲ ಮೇಷ್ಟ್ರೇ! ಬನ್ನಿ, ತಟ್ಟೆ ಹಾಕ್ತೀನಿ" ಎಂದರು ಅಜ್ಜಿ.

ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಹುಳಕ್ಕೆ ಘಾಟು ಆಗದೆಂದು ಆ ದಿನ ಸಾರಿಗೆ ಒಗ್ಗರಣೆಯೂ ಇರಲಿಲ್ಲ. ಸಾರ್ ಒಂದು ಮುದ್ದೆ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದರು. ಎಡಗೈಯಲ್ಲಿ ಲಿಸ್ಟು ಬಿಡಿಸಿ, "ಪದ್ಮಶ್ರೀ, ಮಿಮಿಕ್ರಿ. ಬರಕೋ, ನೀನೇ" ಎಂದು ಪೆನ್ನು ಅವಳತ್ತ ತಳ್ಳಿದರು. "ಆದರೆ ಅದಕ್ಕೆ ಮೊದಲು ನನಗೆ ನನ್ನ ದನಿ ಕೇಳ್ಬೇಕು."

ಪದ್ಮಶ್ರೀ ನೆಟ್ಟಗೆ ನಿಂತಳು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿದಳು. ಎರಡು ಸಲ ಕೆಮ್ಮಿದಳು.

"ನೋಡಪ್ಪಾ, ಮುದ್ದೆ ನುಂಗಿದ್ದು ಈಗ. ನುಂಗೋ ಕೆಲಸ ಮುಗೀತು. ಹೊಟ್ಟೆ ಖಾಲಿ ಆಯ್ತಾ? ಇಲ್ಲ, ತುಂಬಿದೆ. ಅದಕ್ಕೇ ಹ್ಯಾ...ವ್ ಹಾಕು!"

ಸಾರ್ ಬಾಯಲ್ಲಿದ್ದ ಸಾರು ಇನ್ನೇನು ಹೊರಬರುವುದರಲ್ಲಿತ್ತು. ಹೇಗೋ ತಡೆದುಕೊಂಡರು.

"ಇನ್ನೊಂದು ಮುದ್ದೆ ಹಾಕ್ಲಾ ಮೇಷ್ಟ್ರೇ?" ಎಂದರು ಅಜ್ಜಿ.

"ಸಾಕಮ್ಮ, ಆಯ್ತು."

ಅಜ್ಜಿ ಮುದ್ದೆ ಹಿಡಿದ ಕೈಯನ್ನು ಹಾಗೇ ತಡೆದು ಮೊಮ್ಮಗಳ ಕಡೆ ತಿರುಗಿದರು. "ಏನೇ ಪದ್ದೂ, ನಿಜಾನಾ?"

ಪದ್ಮಶ್ರೀ ಆ 'ಆಯ್ತು'ವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡಳು. ಈ ಸಲ ಅದು ಅಪ್ಪಟ ಅಸ್ಗರ್ ಸಾರ್ ದನಿಯೇ ಆಗಿತ್ತು.

"ಹೂಂ ಅಜ್ಜಿ, ಇದು ನಿಜ" ಎಂದಳು.

ತಾತ ನಕ್ಕರು, ಅಜ್ಜಿ ನಕ್ಕರು, ಪದ್ಮಶ್ರೀಯೂ ನಕ್ಕಳು. ಅವರೆಲ್ಲರ ನಗುವನ್ನೂ ಮುಳುಗಿಸಿ, ಕನ್ನಡಕ ತಟ್ಟೆಗೆ ಬೀಳುವ ಹಾಗೆ ನಕ್ಕವರು ಅಸ್ಗರ್ ಸಾರ್.